ಔಷಧದ ಪರೀಕ್ಷೆಯಲ್ಲಿ ಭಾರಜಲಜನಕದ ದ್ರಾವಕಗಳು

ಯುಗಾದಿಯ ಕೂಟವೊಂದರಲ್ಲಿ ಕಲಬುರಗಿ ಕಡೆಯ ಹಿರಿಯ ತಾಯಿಯೊಬ್ಬರು ಈ ಲೇಖಕನನ್ನು ಬದಿಗೆ ಕರೆದು, "ನಮ್ಮ ಮೊಮ್ಮಗಳು ಔಷಧದ ಕಂಪನಿ ಸೇರ್ಯಾಳ. ದಿನಾ ಭಾರಜಲ ಮುಟ್ತಾಳಂತ. ಅದು ಅಣುಬಾಂಬಿಗೆ ಹಾಕೂದಲ್ಲೇನ್ರೀ? ನಾಳೆ ಮದುವಿ ಆಗೂ ಹುಡುಗಿ, ಏನಾದ್ರೂ ಆದೀತಂತ ಜೀವ ಹೆದರ್ತದ" ಎಂದು ಕೇಳಿದರು. ಆಗ ಎರಡು ಮಾತಿನಲ್ಲಿ ಸಮಾಧಾನ ಹೇಳಿದ್ದಾಯಿತು. ಆದರೆ ಅವರ ಪ್ರಶ್ನೆ ಎರಡು ಮಾತಿಗೆ ಮುಗಿಯುವಂಥದಲ್ಲ. ಹೈದರಾಬಾದು ಔಷಧ ತಯಾರಿಕೆಯ ನಗರ. ಜೀಡಿಮೆಟ್ಲ, ಪಟಾನ್‌ಚೆರು, ಶಾಮೀರ್‌ಪೇಟೆಯ ಸುತ್ತಲ ಪ್ರಯೋಗಾಲಯಗಳಲ್ಲಿ ನಮ್ಮ ಅನೇಕ ಕನ್ನಡ ಮನೆಗಳ ಮಕ್ಕಳು ದುಡಿಯುತ್ತಿದ್ದಾರೆ. ಅವರು ಅಲ್ಲಿ ಮಾಡುವ ಕೆಲಸವೇನು, ಅದರಲ್ಲಿ ಭಯಪಡಬೇಕಾದುದೇನು, ಭಯಪಡಬೇಕಿಲ್ಲದುದೇನು ಎಂಬುದನ್ನು ಮನೆಯವರೂ ತಿಳಿದಿರುವುದು ಒಳ್ಳೆಯದು. ಆ ಉದ್ದೇಶದಿಂದ ವಿಷಯವನ್ನು ಇಲ್ಲಿ ಸ್ಥೂಲವಾಗಿ ನಿರೂಪಿಸಲಾಗಿದೆ. ಈಗಷ್ಟೇ ಈ ಕ್ಷೇತ್ರಕ್ಕೆ ಕಾಲಿಟ್ಟ ತರುಣ ತರುಣಿಯರಿಗೂ ಇದರಿಂದ ಕೆಲಮಟ್ಟಿನ ಪ್ರಯೋಜನವಾದೀತು.

ಭಾರಜಲಜನಕ ಎಂದರೇನು?

ನೀರು ಜಲಜನಕ ಮತ್ತು ಆಮ್ಲಜನಕಗಳಿಂದ ಆದುದೆಂಬುದನ್ನು ಓದುಗರು ಶಾಲೆಯಲ್ಲಿಯೇ ಕಲಿತಿದ್ದಾರೆ. ಜಲಜನಕದ ಪರಮಾಣುವಿನ ಬೀಜದಲ್ಲಿ ಸಾಮಾನ್ಯವಾಗಿ ಒಂದು ಪ್ರೋಟಾನ್ ಮಾತ್ರ ಇರುತ್ತದೆ. ಆದರೆ ನಿಸರ್ಗದಲ್ಲಿ ಸುಮಾರು ಆರೂವರೆ ಸಾವಿರ ಜಲಜನಕ ಪರಮಾಣುಗಳಲ್ಲಿ ಒಂದರ ಬೀಜದಲ್ಲಿ ಪ್ರೋಟಾನಿನ ಜೊತೆಗೆ ಒಂದು ನ್ಯೂಟ್ರಾನ್ ಕೂಡ ಸೇರಿರುತ್ತದೆ. ಇದರಿಂದ ಆ ಪರಮಾಣುವಿನ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇದೇ ಭಾರಜಲಜನಕ ಅಥವಾ ಡ್ಯೂಟೀರಿಯಂ. ಅಮೆರಿಕದ ಹೆರಾಲ್ಡ್ ಯೂರಿ ಮತ್ತು ಅವರ ಸಂಗಡಿಗರು ಇದನ್ನು 1931ರ ಕೊನೆಯಲ್ಲಿ ಗುರುತಿಸಿದರು. 1934ರಲ್ಲಿ ಯೂರಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಜಲಜನಕದ ಸ್ಥಾನದಲ್ಲಿ ಭಾರಜಲಜನಕವೇ ಇರುವ ನೀರಿಗೆ ಭಾರಜಲವೆಂದು ಹೆಸರು. ನೋಟಕ್ಕೆ ಅದು ನೀರಿನಂತೆಯೇ ಇದ್ದರೂ ಒಂದು ಲೀಟರಿನ ತೂಕ ಸುಮಾರು 1.1 ಕಿಲೋಗ್ರಾಂ. ಅದು 3.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ, 101.4 ಡಿಗ್ರಿಯಲ್ಲಿ ಕುದಿಯುತ್ತದೆ. ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೆಂದರೆ ಭಾರಜಲಜನಕವು ವಿಕಿರಣಶೀಲವಲ್ಲ. ವಿಕಿರಣವುಳ್ಳ ಜಲಜನಕವೆಂದರೆ ಟ್ರಿಟಿಯಂ ಎಂಬ ಮೂರನೆಯ ಬಗೆ. ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಅರ್ಧ ಭಯ ಹುಟ್ಟಿಕೊಂಡಿದೆ.

ನಾವು ಕುಡಿಯುವ ನೀರಿನಲ್ಲಿಯೂ ಭಾರಜಲಜನಕವಿದೆ. ಅರವತ್ತು ಕಿಲೋ ತೂಕದ ವ್ಯಕ್ತಿಯ ದೇಹದಲ್ಲಿ ಸುಮಾರು 35 ಲೀಟರ್ ನೀರಿರುತ್ತದೆ. ಅದರಲ್ಲಿ ಚದುರಿರುವ ಭಾರಜಲಜನಕವನ್ನೆಲ್ಲ ಒಟ್ಟುಗೂಡಿಸಿದರೆ ಸುಮಾರು 6 ಗ್ರಾಂ, ಎಂದರೆ ಒಂದು ಚಹಾ ಚಮಚದಷ್ಟು ಭಾರಜಲವಾದೀತು. ಹುಟ್ಟಿದಂದಿನಿಂದ ನಾವು ಅದನ್ನು ಹೊತ್ತುಕೊಂಡೇ ಬಾಳುತ್ತಿದ್ದೇವೆ.

ಪರಮಾಣು ಬೀಜದ ದನಿ

ಈ ಭಾರಜಲಜನಕಕ್ಕೂ ಔಷಧದ ಪರೀಕ್ಷೆಗೂ ಏನು ಸಂಬಂಧ? ಅದನ್ನು ಅರಿಯಲು ಬೈಜಿಕ ಕಾಂತೀಯ ಅನುರಣನ, ಎಂದರೆ ಎನ್.ಎಂ.ಆರ್. ಎಂಬ ವಿಧಾನವನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಜಲಜನಕದ ಬೀಜವು ಒಂದು ಅತಿ ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ಅದನ್ನು ಪ್ರಬಲವಾದ ಕಾಂತಕ್ಷೇತ್ರದಲ್ಲಿ ಇರಿಸಿ, ತಕ್ಕ ಆವರ್ತಾಂಕದ ರೇಡಿಯೋ ತರಂಗಗಳನ್ನು ಹಾಯಿಸಿದರೆ ಅದು ಶಕ್ತಿಯನ್ನು ಹೀರಿಕೊಂಡು, ಅನಂತರ ತನ್ನದೇ ಆದ ಒಂದು ಸಂಕೇತವನ್ನು ಹೊರಡಿಸುತ್ತದೆ. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ 400 ಮೆಗಾಹರ್ಟ್ಸ್ ಯಂತ್ರದಲ್ಲಿ ಕಾಂತಕ್ಷೇತ್ರದ ಬಲ 9.4 ಟೆಸ್ಲಾ. ಭೂಮಿಯ ಕಾಂತಕ್ಷೇತ್ರಕ್ಕಿಂತ ಇದು ಎರಡು ಲಕ್ಷ ಪಟ್ಟಿಗೂ ಮಿಕ್ಕು. ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲಿಕ್ಸ್ ಬ್ಲಾಕ್ ಅವರೂ ಹಾರ್ವರ್ಡ್‌ನಲ್ಲಿ ಎಡ್ವರ್ಡ್ ಪರ್ಸೆಲ್ ಅವರೂ ಬೇರೆ ಬೇರೆಯಾಗಿ ನಡೆಸಿದ ಈ ಸಂಶೋಧನೆ 1946ರಲ್ಲಿ ಪ್ರಕಟವಾಯಿತು. 1952ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಪಾರಿತೋಷಕ ಬಂದಿತು.

ಮೊದಮೊದಲು ಇದು ಭೌತವಿಜ್ಞಾನಿಗಳ ಸೊತ್ತಾಗಿದ್ದಿತು. ಇದನ್ನು ರಸಾಯನಜ್ಞರ ಕೈಗೆ ತಂದುಕೊಟ್ಟ ಒಂದು ಪ್ರಯೋಗದಲ್ಲಿ ನಮಗೆ ಪರಿಚಿತವೆನಿಸುವ ಹೆಸರೊಂದಿದೆ. 1951ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆರ್ನಲ್ಡ್, ಎಸ್. ಎಸ್. ಧರ್ಮಟ್ಟಿ ಮತ್ತು ಪ್ಯಾಕರ್ಡ್ ಎಂಬ ಮೂವರು ಈಥೈಲ್ ಮದ್ಯಸಾರವನ್ನು ಪರೀಕ್ಷಿಸಿದಾಗ, ಜಲಜನಕಕ್ಕೆ ಒಂದೇ ಶೃಂಗ ಬರುವ ಬದಲು ಮೂರು ಶೃಂಗಗಳು ಕಾಣಿಸಿದವು. ಅವುಗಳ ವಿಸ್ತಾರ 1, 2, 3ರ ಪ್ರಮಾಣದಲ್ಲಿದ್ದಿತು. ಮದ್ಯಸಾರದ ಅಣುವಿನಲ್ಲಿ ಆಮ್ಲಜನಕಕ್ಕೆ ಅಂಟಿಕೊಂಡ ಜಲಜನಕ ಒಂದು, ಅದರ ಪಕ್ಕದ ಇಂಗಾಲದ ಮೇಲೆ ಎರಡು, ಕೊನೆಯ ಇಂಗಾಲದ ಮೇಲೆ ಮೂರು. ಅಣುವಿನ ರಚನೆಯೇ ಕಾಗದದ ಮೇಲೆ ಮೂಡಿತೆಂದರೂ ಸಲ್ಲುತ್ತದೆ. ಧರ್ಮಟ್ಟಿಯವರು ಅನಂತರ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿಷಯದ ಸಂಶೋಧನೆಗೆ ತಳಹದಿ ಹಾಕಿದರು. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವದಿಂದ ಬರುವ ಸಂಕೇತವು ನಿಂತ ದ್ರವದ ಸಂಕೇತಕ್ಕಿಂತ ಬೇರೆಯಾಗಿರುತ್ತದೆಂದು ತೋರಿಸಿದರು. ರಕ್ತನಾಳಗಳಲ್ಲಿ ರಕ್ತದ ಹರಿವನ್ನು ಎಂ.ಆರ್.ಐ. ಯಂತ್ರದಿಂದ ನೋಡುವ ಇಂದಿನ ವಿಧಾನಗಳ ಇತಿಹಾಸವನ್ನು ಬರೆಯುವವರು ಆ ಪ್ರಯೋಗವನ್ನು ನೆನೆಯುತ್ತಾರೆ.

ಜಲಜನಕವು ಅಣುವಿನಲ್ಲಿ ಯಾವ ನೆರೆಹೊರೆಯಲ್ಲಿದೆ ಎಂಬುದನ್ನು ಅನುಸರಿಸಿ ಅದರ ಶೃಂಗದ ಸ್ಥಾನ ತುಸು ಸರಿಯುತ್ತದೆ. ಆ ಸರಿತವನ್ನು ಪಿ.ಪಿ.ಎಂ., ಎಂದರೆ ದಶಲಕ್ಷಾಂಶಗಳಲ್ಲಿ ಅಳೆಯುತ್ತಾರೆ. ಮುಂದೆ ಬರುವ ಅಂಕೆಗಳೆಲ್ಲ ಈ ಅಳತೆಯವು. ಶೃಂಗಗಳ ಈ ಸಾಲಿಗೆ ರೋಹಿತವೆಂದು ಹೆಸರು.

ದ್ರಾವಕದ ತೊಡಕು

ಪರೀಕ್ಷಿಸಬೇಕಾದ ವಸ್ತುವನ್ನು ಸಾಮಾನ್ಯವಾಗಿ ಒಂದು ದ್ರಾವಕದಲ್ಲಿ ಕರಗಿಸಿ, 5 ಮಿಲಿಮೀಟರ್ ಅಗಲದ ಗಾಜಿನ ಕೊಳವೆಯಲ್ಲಿ ಹಾಕಿ ಯಂತ್ರದೊಳಕ್ಕೆ ಇಳಿಸುತ್ತಾರೆ. ತೊಡಕು ಹುಟ್ಟುವುದು ಇಲ್ಲಿಯೇ. ಜ್ವರಕ್ಕೆ ಎಲ್ಲರ ಮನೆಯಲ್ಲಿಯೂ ಇರುವ ಪ್ಯಾರಾಸಿಟಮಾಲ್ ಮಾತ್ರೆಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ 500 ಮಿಲಿಗ್ರಾಂ ಔಷಧವಿದೆ. ಅದರ ನೂರನೆಯ ಒಂದು ಪಾಲು, ಎಂದರೆ 5 ಮಿಲಿಗ್ರಾಂ ಔಷಧವನ್ನು 0.6 ಮಿಲಿಲೀಟರ್ ಸಾಮಾನ್ಯ ನೀರಿನಲ್ಲಿ ಕರಗಿಸಿದೆವೆನ್ನಿ. ಲೆಕ್ಕ ಹಾಕಿ ನೋಡಿದರೆ ಔಷಧದ ಒಂದು ಅಣುವಿಗೆ ನೀರಿನ ಸುಮಾರು ಎರಡು ಸಾವಿರ ಜಲಜನಕಗಳು ಎದುರಾಗುತ್ತವೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸುವುದುಂಟೆ? ನೀರಿನ ಶೃಂಗವೊಂದೇ ಬೆಟ್ಟದಂತೆ ಎದ್ದು ಔಷಧದ ಶೃಂಗಗಳನ್ನು ಅಡಗಿಸಿಬಿಡುತ್ತದೆ.

ದ್ರಾವಕದ ಜಲಜನಕವನ್ನು ತೆಗೆದು ಆ ಜಾಗದಲ್ಲಿ ಭಾರಜಲಜನಕವನ್ನು ಕೂರಿಸುವುದು ಇದಕ್ಕೆ ಕಂಡುಕೊಂಡ ಪರಿಹಾರ. ಭಾರಜಲಜನಕದ ಬೀಜ ಮೂಕವೇನೂ ಅಲ್ಲ. ಆದರೆ ಅದರ ಶ್ರುತಿ ಬೇರೆ. ಸಾಮಾನ್ಯ ಜಲಜನಕವು 400 ಮೆಗಾಹರ್ಟ್ಸ್‌ನಲ್ಲಿ ಅನುರಣಿಸುವ ಕ್ಷೇತ್ರದಲ್ಲಿ ಭಾರಜಲಜನಕವು ಸುಮಾರು 61 ಮೆಗಾಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ನಾವು ಔಷಧದ ಜಲಜನಕಕ್ಕೆ ಕಿವಿಗೊಟ್ಟಾಗ ದ್ರಾವಕದ ದನಿ ಆ ವಲಯದಲ್ಲಿ ಕೇಳಿಸುವುದಿಲ್ಲ. ಭಾರಜಲಜನಕದ ದ್ರಾವಕಗಳೆಂದರೆ ಇವೇ.

ಆ ಬೇರೆ ಶ್ರುತಿಯಿಂದ ಇನ್ನೊಂದು ಉಪಕಾರವೂ ಆಗುತ್ತದೆ. ಎಷ್ಟೇ ಉತ್ತಮವಾದ ಅಯಸ್ಕಾಂತವಾದರೂ ಅದರ ಕ್ಷೇತ್ರ ಗಂಟೆಗಂಟೆಗೂ ಅತ್ಯಲ್ಪವಾಗಿ ಸರಿಯುತ್ತಿರುತ್ತದೆ. ಯಂತ್ರವು ಭಾರಜಲಜನಕದ ಸಂಕೇತವನ್ನು ಸತತವಾಗಿ ಗಮನಿಸುತ್ತ, ಅದು ಜಾಗ ಬಿಟ್ಟರೆ ಕ್ಷೇತ್ರವನ್ನು ಮತ್ತೆ ಹದಕ್ಕೆ ತರುತ್ತದೆ. ಇದಕ್ಕೆ ಲಾಕ್ ಎನ್ನುತ್ತಾರೆ. ಕೊಳವೆಯ ಉದ್ದಗಲಕ್ಕೂ ಕ್ಷೇತ್ರವನ್ನು ಸಮನಾಗಿಸುವ ಶಿಮ್ಮಿಂಗ್ ಕ್ರಿಯೆಗೂ ಅದೇ ಸಂಕೇತ ಮಾರ್ಗದರ್ಶಿ. ಸಂಗೀತಗಾರರು ಹಾಡುವಾಗ ಹಿಂದೆ ತಂಬೂರಿ ಮೀಟುತ್ತಿರುವುದಷ್ಟೆ. ಭಾರಜಲಜನಕದ ಕೆಲಸವೂ ಹೆಚ್ಚುಕಡಿಮೆ ಅಂಥದೇ.

ಯಾವುದಕ್ಕೆ ಯಾವ ದ್ರಾವಕ?

ಎಣ್ಣೆಯ ಸ್ವಭಾವದ, ನೀರಿನಲ್ಲಿ ಕರಗದ ಸಾವಯವ ವಸ್ತುಗಳಿಗೆ ಕ್ಲೋರೊಫಾರ್ಮ್-ಡಿ ಅನುಕೂಲ. ಮಾತ್ರೆಗಳಲ್ಲಿ ಬಳಸುವ ಬಹುಪಾಲು ಔಷಧಗಳಿಗೆ ಡಿ.ಎಂ.ಎಸ್.ಓ.-ಡಿ6 ಒದಗುತ್ತದೆ. ಲವಣಗಳು, ಸಕ್ಕರೆಗಳು, ಪ್ರೋಟೀನುಗಳು ಮುಂತಾದುವಕ್ಕೆ ಭಾರಜಲ ಬೇಕು.

ಈ ಯಾವ ದ್ರಾವಕವೂ ನೂರಕ್ಕೆ ನೂರು ಶುದ್ಧವಲ್ಲ. ಶೇಕಡಾ 99.8ರಷ್ಟು ಭಾರಜಲಜನಕ ತುಂಬಿದ ಕ್ಲೋರೊಫಾರ್ಮಿನಲ್ಲಿಯೂ ಉಳಿದ 0.2ರ ಪಾಲು ತನ್ನ ಇರವನ್ನು ತೋರಿಸುತ್ತದೆ. ಕ್ಲೋರೊಫಾರ್ಮಿನ ಈ ಶೇಷ ಶೃಂಗವು 7.26ರಲ್ಲಿ, ಡಿ.ಎಂ.ಎಸ್.ಓ.ದ್ದು 2.50ರಲ್ಲಿ, ಭಾರಜಲದ್ದು ಸುಮಾರು 4.8ರಲ್ಲಿ ಬರುತ್ತದೆ. ಇವಲ್ಲದೆ ಗಾಳಿಯಿಂದ ಸೇರಿದ ತೇವಾಂಶದ ಶೃಂಗವು ಕ್ಲೋರೊಫಾರ್ಮಿನಲ್ಲಿ 1.56ರ ಬಳಿ, ಡಿ.ಎಂ.ಎಸ್.ಓ.ದಲ್ಲಿ 3.33ರ ಬಳಿ ತಲೆಯೆತ್ತುತ್ತದೆ. ವಿದ್ಯಾರ್ಥಿಗಳು ಇವುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡತಕ್ಕದ್ದು.

ದ್ರಾವಕ ಬದಲಾದರೆ ರೋಹಿತವೂ ಬದಲಾಗುತ್ತದೆ. ಪ್ಯಾರಾಸಿಟಮಾಲ್ ಅಣುವಿನಲ್ಲಿ ಒಂಬತ್ತು ಜಲಜನಕಗಳಿವೆ. ಡಿ.ಎಂ.ಎಸ್.ಓ.-ಡಿ6ರಲ್ಲಿ ಒಂಬತ್ತೂ ಲೆಕ್ಕಕ್ಕೆ ಸಿಗುತ್ತವೆ. ಮೀಥೈಲ್ ಗುಂಪಿನ ಮೂರು 2.0ರ ಸಮೀಪದಲ್ಲಿ, ಉಂಗುರದ ಮೇಲಿನ ನಾಲ್ಕು ಎರಡೆರಡಾಗಿ 6.7 ಮತ್ತು 7.3ರಲ್ಲಿ, ಆಮ್ಲಜನಕಕ್ಕೂ ಸಾರಜನಕಕ್ಕೂ ಅಂಟಿದ ಒಂದೊಂದು 9ರಿಂದ 10ರ ನಡುವೆ ಕಾಣುತ್ತವೆ. ಅದೇ ಔಷಧವನ್ನು ಭಾರಜಲದಲ್ಲಿ ಕರಗಿಸಿದರೆ ಕೊನೆಯ ಎರಡು ಶೃಂಗಗಳು ಮಾಯವಾಗುತ್ತವೆ. ಆ ಎರಡು ಜಲಜನಕಗಳು ಭಾರಜಲದ ಭಾರಜಲಜನಕದೊಡನೆ ಸ್ಥಾನ ಬದಲಿಸಿಕೊಂಡಿರುತ್ತವೆ. ತಿಳಿಯದವನಿಗೆ ಇದು ಔಷಧವೇ ಕೆಟ್ಟಿತೆಂಬ ಭ್ರಮೆ ಹುಟ್ಟಿಸುತ್ತದೆ. ತಿಳಿದವನು ಇದನ್ನೇ ಉಪಾಯವಾಗಿ ಬಳಸುತ್ತಾನೆ. ಡಿ.ಎಂ.ಎಸ್.ಓ. ದ್ರಾವಣಕ್ಕೆ ಒಂದು ತೊಟ್ಟು ಭಾರಜಲ ಸೇರಿಸಿ ಅಲುಗಿಸಿ, ಯಾವ ಶೃಂಗ ಮರೆಯಾಯಿತೆಂದು ನೋಡಿ, ಆ ಜಲಜನಕವು ಆಮ್ಲಜನಕದ ಅಥವಾ ಸಾರಜನಕದ ಮೇಲಿದ್ದಿತೆಂದು ನಿರ್ಣಯಿಸುತ್ತಾನೆ.

ಹೆಪಾರಿನ್ ಕಲಿಸಿದ ಪಾಠ

ಇಷ್ಟೆಲ್ಲ ಸೂಕ್ಷ್ಮ ಏತಕ್ಕೆ ಎಂಬ ಸಂದೇಹ ಬಂದರೆ 2008ರ ಒಂದು ದುರಂತವನ್ನು ನೆನೆಯಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯಲು, ವಿಶೇಷವಾಗಿ ಮೂತ್ರಪಿಂಡದ ರೋಗಿಗಳಿಗೆ ಡಯಾಲಿಸಿಸ್ ಮಾಡುವಾಗ, ಹೆಪಾರಿನ್ ಎಂಬ ಔಷಧವನ್ನು ಕೊಡುತ್ತಾರೆ. ಹಂದಿಯ ಕರುಳಿನಿಂದ ಪಡೆಯುವ ಒಂದು ಬಗೆಯ ಸಕ್ಕರೆಯ ಸರಪಣಿ ಅದು. 2007ರ ಕೊನೆಯಿಂದ 2008ರ ಆರಂಭದ ತಿಂಗಳುಗಳಲ್ಲಿ ಅಮೆರಿಕದಲ್ಲಿ ಈ ಚುಚ್ಚುಮದ್ದನ್ನು ಪಡೆದ ಹಲವು ರೋಗಿಗಳಿಗೆ ಏಕಾಏಕಿ ರಕ್ತದೊತ್ತಡ ಕುಸಿಯಿತು, ಉಸಿರು ಕಟ್ಟಿತು. ಅನೇಕರು ಮರಣ ಹೊಂದಿದರು. ಜರ್ಮನಿಯಿಂದಲೂ ಇಂತಹ ವರದಿಗಳು ಬಂದವು.

ಆಗ ಬಳಕೆಯಲ್ಲಿದ್ದ ಸಾಮಾನ್ಯ ಪರೀಕ್ಷೆಗಳಲ್ಲಿ ಆ ಔಷಧ ಉತ್ತೀರ್ಣವಾಗಿದ್ದಿತು. ಚೀನಾದಿಂದ ಬಂದ ಕಚ್ಚಾವಸ್ತುವಿನಲ್ಲಿ ಅತಿಗಂಧಕೀಕೃತ ಕಾಂಡ್ರಾಯಿಟಿನ್ ಸಲ್ಫೇಟ್ ಎಂಬ ಅಗ್ಗದ ಪದಾರ್ಥ ಸೇರಿದ್ದಿತು. ಅದೂ ಕೆಲಮಟ್ಟಿಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಹಳೆಯ ಪರೀಕ್ಷೆ ಮೋಸಹೋಯಿತು. ಕಳ್ಳತನವನ್ನು ಬಯಲಿಗೆಳೆದ ವಿಧಾನಗಳಲ್ಲಿ ಎನ್.ಎಂ.ಆರ್. ಮುಖ್ಯವಾದುದು. ಹೆಪಾರಿನ್ನನ್ನು ಭಾರಜಲದಲ್ಲಿ ಕರಗಿಸಿ ರೋಹಿತ ತೆಗೆದಾಗ, 2.04ರಲ್ಲಿ ಬರಬೇಕಾದ ಹೆಪಾರಿನ್ನಿನ ಶೃಂಗದ ಪಕ್ಕದಲ್ಲಿ 2.15ರ ಸುಮಾರಿಗೆ ಇನ್ನೊಂದು ಶೃಂಗ ನಿಂತಿದ್ದಿತು. ನಡುವಣ ಅಂತರ ಒಂದು ದಶಲಕ್ಷಾಂಶದ ಹತ್ತನೆಯ ಒಂದು ಪಾಲಿನಷ್ಟು! ಅದೇ ವರ್ಷ ಅಮೆರಿಕದ ಔಷಧಕೋಶವು ಹೆಪಾರಿನ್ನಿಗೆ ಎನ್.ಎಂ.ಆರ್. ಪರೀಕ್ಷೆಯನ್ನು ಸೇರಿಸಿತು. ಭಾರಜಲದ ಜಾಗದಲ್ಲಿ ಸಾಮಾನ್ಯ ನೀರನ್ನು ಬಳಸಿದ್ದರೆ, ನೀರಿನ ಬೆಟ್ಟದ ಬದಿಯಲ್ಲಿ ಆ ಸಣ್ಣ ಶೃಂಗವನ್ನು ಓದುವುದು ಬಲು ಕಷ್ಟವಾಗುತ್ತಿತ್ತು.

ಒಂದು ಸ್ವಂತ ಅನುಭವ

ಈ ಲೇಖಕನ ಅನುಭವವೊಂದನ್ನು ಇಲ್ಲಿ ಹೇಳಬಹುದು. ನಾನು ಔಷಧ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿದ್ದಾಗ, ಹೊಸದಾಗಿ ಸೇರಿದ ತರುಣನೊಬ್ಬನು ಕ್ಲೋರೊಫಾರ್ಮ್-ಡಿಯಲ್ಲಿ ತೆಗೆದ ರೋಹಿತದಲ್ಲಿ 2.17ರಲ್ಲಿ ಒಂದು ಅಪರಿಚಿತ ಶೃಂಗವನ್ನು ಕಂಡು ಗಾಬರಿಯಾದನು. ಇಡೀ ತಂಡೆಯ ಔಷಧವನ್ನು ಎರಡು ದಿನ ತಡೆಹಿಡಿಯಲಾಯಿತು. ಕೊನೆಗೆ ನೋಡಿದರೆ ಅದು ಕೊಳವೆಯನ್ನು ತೊಳೆದ ಅಸಿಟೋನಿನ ಶೇಷ! ಎಲ್ಲರೂ ನಕ್ಕರು. ಅವನು ನಾಚಿದನು.

ಕೆಲವು ವಾರಗಳ ಮೇಲೆ ಮತ್ತೆ ಅಂಥದೇ ಒಂದು ಶೃಂಗ ಕಾಣಿಸಿತು. ಸರಕು ಕಳುಹಿಸುವ ಆತುರ ಇದ್ದಿತು. "ಮತ್ತೆ ಅಸಿಟೋನ್ ಇರಬೇಕು, ಸಹಿ ಹಾಕು" ಎಂದು ಮೇಲಿನವರು ಹೇಳಿದರು. ಮೊದಲು ನಗೆಗೀಡಾದ ಆ ಹುಡುಗನೇ ಈಗ ಒಪ್ಪಲಿಲ್ಲ. "ಸರ್, ಇದು 2.17 ಅಲ್ಲ, 2.05. ಜೊತೆಗೆ 4.12ರಲ್ಲೂ 1.26ರಲ್ಲೂ ಇದರ ಸಂಗಾತಿಗಳಿವೆ" ಎಂದು ತೋರಿಸಿದನು. ಆ ಮೂರೂ ಸೇರಿದರೆ ಈಥೈಲ್ ಅಸಿಟೇಟ್. ತಯಾರಿಕೆಯಲ್ಲಿ ಬಳಸಿದ ಆ ದ್ರಾವಕ, ಒಣಗಿಸುವ ಕ್ರಮ ಪೂರ್ತಿಯಾಗದೆ, ಔಷಧದಲ್ಲಿಯೇ ಉಳಿದಿದ್ದಿತು. ಸರಕು ಮರಳಿ ಒಣಗಿಸುವ ಯಂತ್ರಕ್ಕೆ ಹೋಯಿತು. ಅಂದು ನನಗೆ ಮನವರಿಕೆಯಾಯಿತು: ದ್ರಾವಕದ ಶೃಂಗಗಳನ್ನು ಬಾಯಿಪಾಠ ಮಾಡುವುದು ಹೆದರಿಕೆ ಬಿಡುವುದಕ್ಕಷ್ಟೇ ಅಲ್ಲ, ಯಾವಾಗ ಹೆದರಬೇಕೆಂದು ಅರಿಯುವುದಕ್ಕೂ ಬೇಕು. ನೂರನೆಯ ಅಂಶದ ಅಂಕೆಯನ್ನು ಓದಿ ತನ್ನ ಮಾತಿಗೆ ಅಂಟಿಕೊಂಡ ಆ ಹುಡುಗನ ಸ್ಥೈರ್ಯವನ್ನು ಇಂದಿಗೂ ನೆನೆಯುತ್ತೇನೆ.

ಗೋದಾವರಿಯ ದಂಡೆಯಿಂದ ಕೈಗಾದವರೆಗೆ

ಈ ದ್ರಾವಕಗಳಿಗೆಲ್ಲ ಮೂಲ ಭಾರಜಲ. ಅದನ್ನು ನಿಸರ್ಗದ ನೀರಿನಿಂದ ಬೇರ್ಪಡಿಸುವುದು ಸುಲಭವಲ್ಲ. ಒಂದು ಟನ್ ನೀರಿನಲ್ಲಿರುವ ಭಾರಜಲಜನಕವೆಲ್ಲ ಕೈಗೆ ಬಂದರೂ ಸುಮಾರು 170 ಗ್ರಾಂ ಭಾರಜಲವಷ್ಟೇ ಆದೀತು. ತೆಲಂಗಾಣದ ಮಣುಗೂರಿನಲ್ಲಿ, ಗೋದಾವರಿಯ ಆಸರೆಯಲ್ಲಿ, ಭಾರಜಲ ಮಂಡಳಿಯ ದೊಡ್ಡ ಸ್ಥಾವರವಿದೆ. ಅಲ್ಲಿ 1991ರಲ್ಲಿ ಉತ್ಪಾದನೆ ಆರಂಭವಾಯಿತು. ನೀರನ್ನೂ ಹೈಡ್ರೋಜನ್ ಸಲ್ಫೈಡ್ ಅನಿಲವನ್ನೂ ಎತ್ತರದ ಗೋಪುರಗಳಲ್ಲಿ ಎದುರುಬದುರಾಗಿ ಹಾಯಿಸುತ್ತಾರೆ. ಸುಮಾರು 30 ಡಿಗ್ರಿಯ ತಂಪಿನಲ್ಲಿ ಭಾರಜಲಜನಕವು ಅನಿಲವನ್ನು ಬಿಟ್ಟು ನೀರಿನ ಕಡೆಗೆ ಹೆಚ್ಚಾಗಿ ವಾಲುತ್ತದೆ. ಸುಮಾರು 130 ಡಿಗ್ರಿಯ ಬಿಸಿಯಲ್ಲಿ ಆ ಒಲವು ತಗ್ಗಿ ಅನಿಲಕ್ಕೆ ಮರಳುತ್ತದೆ. ಈ ಒಲವಿನ ವ್ಯತ್ಯಾಸವನ್ನೇ ಮತ್ತೆ ಮತ್ತೆ ಬಳಸಿ ನೀರನ್ನು ಸಾಂದ್ರಗೊಳಿಸುತ್ತ ಹೋಗಿ, ಕೊನೆಯಲ್ಲಿ ನಿರ್ವಾತ ಬಟ್ಟಿಯಿಳಿಸುವಿಕೆಯಿಂದ ಶುದ್ಧ ಭಾರಜಲವನ್ನು ಪಡೆಯುತ್ತಾರೆ.

ಈ ಭಾರಜಲದ ಬಹುಪಾಲು ಪರಮಾಣು ವಿದ್ಯುತ್ ಸ್ಥಾವರಗಳಿಗೆ ಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾದ ನಾಲ್ಕು ಘಟಕಗಳು ಭಾರಜಲದಿಂದಲೇ ನಡೆಯುವಂಥವು. ಅಲ್ಲಿನ ಮೊದಲ ಘಟಕವು ಸತತ 962 ದಿನ ನಿಲ್ಲದೆ ಓಡಿ 2018ರ ಡಿಸೆಂಬರಿನಲ್ಲಿ ವಿರಮಿಸಿದುದು ಆಗ ವಿಶ್ವದಾಖಲೆಯಾಗಿದ್ದಿತು. ಅದಕ್ಕೆ ಬೇಕಾದ ಇಂಧನ ಸಿದ್ಧವಾಗುವುದು ಈ ಹೈದರಾಬಾದಿನಲ್ಲಿ. ಹಿರಿಯ ತಾಯಿಯವರು ಅಣುಶಕ್ತಿಯ ಹೆಸರೆತ್ತಿದ್ದು ಈ ನಂಟಿನಿಂದ. ಸ್ಥಾವರದಲ್ಲಿ ಬಳಕೆಯಾದ ಭಾರಜಲದಲ್ಲಿ ಟ್ರಿಟಿಯಂ ಹುಟ್ಟುವುದು ನಿಜ. ಪ್ರಯೋಗಾಲಯದ ದ್ರಾವಕಕ್ಕೆ ಬರುವುದು ಸ್ಥಾವರವನ್ನು ಹೊಕ್ಕದ ಭಾರಜಲ.

ಭಾರಜಲದಿಂದ ಉಳಿದ ದ್ರಾವಕಗಳನ್ನು ಮಾಡುವ ಕ್ರಮ ತಾತ್ವಿಕವಾಗಿ ಸರಳ. ಅಸಿಟೋನ್ ಅಥವಾ ಡಿ.ಎಂ.ಎಸ್.ಓ.ವನ್ನು ಕ್ಷಾರದ ಸಮ್ಮುಖದಲ್ಲಿ ಭಾರಜಲದೊಡನೆ ಪದೇ ಪದೇ ಬೆರೆಸಿ ಜಲಜನಕಗಳ ಅದಲುಬದಲು ಮಾಡಿಸುತ್ತಾರೆ. ಶ್ರಮವೂ ನಷ್ಟವೂ ಹೆಚ್ಚು. ಆದುದರಿಂದ ಬೆಲೆಯೂ ಹೆಚ್ಚು.

ಹೈದರಾಬಾದಿನಲ್ಲಿ ಈ ವಿದ್ಯೆಗೆ ನೆಲೆಗಳಿಗೆ ಕೊರತೆಯಿಲ್ಲ. ತಾರ್ನಾಕದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯು 1944ರಲ್ಲಿ ನಿಜಾಮ ಸಂಸ್ಥಾನದ ಕೇಂದ್ರ ಪ್ರಯೋಗಾಲಯವಾಗಿ ಹುಟ್ಟಿತು. ಬೀದರ, ಕಲಬುರಗಿ, ರಾಯಚೂರುಗಳೂ ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. ಗಚ್ಚಿಬೌಲಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೂ ಎನ್.ಎಂ.ಆರ್. ಯಂತ್ರಗಳಿವೆ. ಧರ್ಮಟ್ಟಿಯವರು ದುಡಿದ ಟಾಟಾ ಸಂಸ್ಥೆಯೂ ಇಲ್ಲಿ ಕೇಂದ್ರವೊಂದನ್ನು ತೆರೆದು ಎನ್.ಎಂ.ಆರ್. ಸಂಶೋಧನೆಯನ್ನು ನಡೆಸುತ್ತಿದೆ.

ಕೆಲಸ ಮಾಡುವವರು ಪಾಲಿಸಬೇಕಾದ ಎಚ್ಚರಿಕೆಗಳು

1. ಭಾರಜಲಜನಕ ಸೇರಿದ ಮಾತ್ರಕ್ಕೆ ದ್ರಾವಕವು ನಿರಪಾಯಕಾರಿಯಾಗುವುದಿಲ್ಲ. ಕ್ಲೋರೊಫಾರ್ಮ್-ಡಿ ಕೂಡ ಯಕೃತ್ತಿಗೆ ಅಪಾಯಕಾರಿ. ಅದನ್ನು ಫ್ಯೂಮ್ ಹುಡ್ಡಿನಲ್ಲಿಯೇ ಬಳಸಬೇಕು, ಮೂಸಿ ನೋಡಬಾರದು.

2. ಕ್ಲೋರೊಫಾರ್ಮ್ ಬೆಳಕು ಮತ್ತು ಗಾಳಿಗೆ ಒಡ್ಡಿಕೊಂಡರೆ ಕಾಲಕ್ರಮದಲ್ಲಿ ಫಾಸ್ಜೀನ್ ಎಂಬ ಘೋರ ವಿಷಾನಿಲವೂ ಹೈಡ್ರೋಕ್ಲೋರಿಕ್ ಆಮ್ಲವೂ ಹುಟ್ಟುತ್ತವೆ. ಬಾಟಲಿಯನ್ನು ಕತ್ತಲಲ್ಲಿ, ತಂಪಿನಲ್ಲಿ, ಬಿಗಿಯಾಗಿ ಮುಚ್ಚಿ ಇಡಬೇಕು. ತೆರೆದ ದಿನಾಂಕವನ್ನು ಮೇಲೆ ಬರೆಯಬೇಕು. ಕೆಲವು ಬಾಟಲಿಗಳಲ್ಲಿ ಸ್ಥಿರತೆಗಾಗಿ ಬೆಳ್ಳಿಯ ಹಾಳೆಯ ಚೂರನ್ನು ಹಾಕಿರುತ್ತಾರೆ, ಕಸವೆಂದು ತೆಗೆಯಬಾರದು. ಆಮ್ಲ ತಾಳದ ವಸ್ತುವನ್ನು ಹಳೆಯ ಬಾಟಲಿಯ ದ್ರಾವಕದಲ್ಲಿ ಕರಗಿಸಿದರೆ ವಸ್ತುವೇ ಕೆಟ್ಟು, ಸುಳ್ಳು ರೋಹಿತ ಬರುತ್ತದೆ.

3. ಡಿ.ಎಂ.ಎಸ್.ಓ. ತಾನು ಅಷ್ಟು ವಿಷವಲ್ಲದಿದ್ದರೂ ಚರ್ಮದ ಮೂಲಕ ಬೇಗ ಒಳಸೇರುತ್ತದೆ, ತನ್ನಲ್ಲಿ ಕರಗಿದುದನ್ನೂ ಜೊತೆಗೆ ಒಯ್ಯುತ್ತದೆ. ಪ್ರಬಲ ಔಷಧಗಳ ದ್ರಾವಣವನ್ನು ಕೈಗವಸಿಲ್ಲದೆ ಮುಟ್ಟಕೂಡದು. ಕೈಗವಸಿನ ಮೇಲೆ ಬಿದ್ದರೆ ಕೂಡಲೇ ಅದನ್ನು ಬದಲಿಸಬೇಕು.

4. ಡಿ.ಎಂ.ಎಸ್.ಓ. ಮತ್ತು ಭಾರಜಲ ಎರಡೂ ಗಾಳಿಯ ತೇವವನ್ನು ಹೀರುತ್ತವೆ. ನಮ್ಮ ಮಳೆಗಾಲದಲ್ಲಿ ಬಾಟಲಿಯನ್ನು ತೆರೆದಿಟ್ಟು ಮಾತಿಗೆ ನಿಂತರೆ ಬೆಲೆಯುಳ್ಳ ದ್ರಾವಕ ಕೆಡುತ್ತದೆ.

5. ಕೊಳವೆಯನ್ನು ತೊಳೆದ ಮೇಲೆ ಪೂರ್ತಿ ಒಣಗಿಸಬೇಕು. ಅತಿ ಬಿಸಿಯ ಒಲೆಯಲ್ಲಿ ಓರೆಯಾಗಿ ಒಣಗಿಸಿದರೆ ಕೊಳವೆ ಬಾಗುತ್ತದೆ.

6. ಯಂತ್ರದ ಅಯಸ್ಕಾಂತ ಹಗಲಿರುಳೂ ಜಾಗೃತವಾಗಿರುತ್ತದೆ. ಹೃದಯದಲ್ಲಿ ಪೇಸ್‌ಮೇಕರ್ ಉಳ್ಳವರು ಗುರುತಿನ ಗೆರೆಯನ್ನು ದಾಟಬಾರದು. ಕಬ್ಬಿಣದ ಉಪಕರಣಗಳನ್ನು ಹತ್ತಿರಕ್ಕೆ ಒಯ್ಯಬಾರದು. ಅಯಸ್ಕಾಂತವನ್ನು ತಂಪಾಗಿಡುವ ದ್ರವ ಹೀಲಿಯಂ ಮೈನಸ್ 269 ಡಿಗ್ರಿಯಲ್ಲಿರುತ್ತದೆ. ಅದು ಒಮ್ಮೆಗೇ ಆವಿಯಾದರೆ ಕೋಣೆಯ ಪ್ರಾಣವಾಯುವನ್ನು ಹೊರದೂಡುತ್ತದೆ. ಅಂತಹ ಸದ್ದು ಕೇಳಿದೊಡನೆ ಕೋಣೆಯಿಂದ ಹೊರಗೆ ಓಡತಕ್ಕದ್ದು.

ಆರೋಗ್ಯಕ್ಕೆ ಆಗಿರುವ ಉಪಕಾರ

ಭಾರಜಲವನ್ನು ವೈದ್ಯಕೀಯ ಸಂಶೋಧನೆಯಲ್ಲಿ ಅಳತೆಮಾಡಿ ಜನರಿಗೆ ಕುಡಿಸುವುದೂ ಉಂಟೆಂದರೆ ಓದುಗರಿಗೆ ಆಶ್ಚರ್ಯವಾದೀತು. ತಾಯಿಗೆ ಸ್ವಲ್ಪ ಭಾರಜಲ ಕೊಟ್ಟು, ಎರಡು ವಾರಗಳವರೆಗೆ ತಾಯಿ ಮಗುವಿನ ಜೊಲ್ಲು ಅಥವಾ ಮೂತ್ರವನ್ನು ಪರೀಕ್ಷಿಸಿದರೆ, ಮಗು ಎಷ್ಟು ಎದೆಹಾಲು ಕುಡಿಯಿತೆಂದು ಲೆಕ್ಕ ಸಿಗುತ್ತದೆ. ದೇಹದಲ್ಲಿ ನೀರೆಷ್ಟು, ಕೊಬ್ಬೆಷ್ಟು ಎಂಬುದನ್ನೂ ಹೀಗೆಯೇ ಅಳೆಯಬಹುದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಇಂತಹ ಅಧ್ಯಯನಗಳು ನಡೆದಿವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ದೇಹದ ನೀರಿನ ದೊಡ್ಡ ಪಾಲನ್ನೇ, ಸುಮಾರು ಕಾಲುಭಾಗಕ್ಕಿಂತ ಹೆಚ್ಚನ್ನು, ಭಾರಜಲವಾಗಿ ಮಾರ್ಪಡಿಸಿದಾಗ ಹಾನಿ ಕಂಡುಬಂದಿತು. ಬೆರಳಿಗೆ ತಗುಲಿದ ತೊಟ್ಟಿನಿಂದ ಅಂತಹ ಸ್ಥಿತಿ ಬರಲಾರದು.

ಭಾರಜಲಜನಕವೇ ಔಷಧದ ಅಂಗವಾದುದೂ ಉಂಟು. ಇಂಗಾಲದೊಡನೆ ಅದರ ಬಂಧ ಹೆಚ್ಚು ಬಿಗಿಯಾದುದರಿಂದ ಔಷಧವು ದೇಹದಲ್ಲಿ ನಿಧಾನವಾಗಿ ಸವೆಯುತ್ತದೆ. ಹಂಟಿಂಗ್‌ಟನ್ ರೋಗದಲ್ಲಿ ಕೈಕಾಲುಗಳು ತಾವಾಗಿ ಅಲುಗುವುದನ್ನು ತಡೆಯುವ ಡ್ಯೂಟೆಟ್ರಾಬೆನಜಿನ್ ಎಂಬ ಈ ಬಗೆಯ ಮೊದಲ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇನ್ನು ಆಸ್ಪತ್ರೆಯ ಎಂ.ಆರ್.ಐ. ಯಂತ್ರವು ಎನ್.ಎಂ.ಆರ್. ಯಂತ್ರದ ಒಡಹುಟ್ಟು. ಪ್ರಯೋಗಾಲಯದಲ್ಲಿ ನಾವು ಅಡಗಿಸಲು ಹೆಣಗುವ ನೀರಿನ ಶೃಂಗವೇ ಅಲ್ಲಿ ದೇಹದ ಚಿತ್ರವನ್ನು ಬರೆಯುತ್ತದೆ.

ಮುಕ್ತಾಯ

ಆ ಹಿರಿಯ ತಾಯಿಯವರಿಗೆ ಈ ಲೇಖನದ ಮೂಲಕ ಇಷ್ಟನ್ನು ಅರಿಕೆ ಮಾಡುತ್ತೇನೆ. ನಿಮ್ಮ ಮೊಮ್ಮಗಳು ಮುಟ್ಟುವ ಭಾರಜಲದಿಂದ ಭಯವಿಲ್ಲ. ಅವಳು ಸಂಜೆ ಮನೆಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. "ಕೈಗವಸು ಹಾಕಿದ್ದೆಯಾ? ಕ್ಲೋರೊಫಾರ್ಮಿನ ಬಾಟಲಿ ಹಳತಾಗಿಲ್ಲವಷ್ಟೆ? ಗಾಳಿ ಹೊರಹೋಗುವ ಯಂತ್ರ ಓಡುತ್ತಿದೆಯೇ?" ಎಂದು ಕೇಳಿರಿ. ಹಾಗೆಯೇ ಅವಳು ಮಾಡುವ ಕೆಲಸ ಹಿರಿದೆಂದು ತಿಳಿಯಿರಿ. ಯಾರದೋ ಮನೆಯ ಮಗುವಿನ ಜ್ವರಕ್ಕೆ, ಯಾರದೋ ತಂದೆಯ ಡಯಾಲಿಸಿಸ್ಸಿಗೆ ಹೋಗುವ ಔಷಧದ ಬಾಗಿಲಲ್ಲಿ ಅವಳು ಕಾವಲು ನಿಂತಿದ್ದಾಳೆ. 2.04ಕ್ಕೂ 2.15ಕ್ಕೂ ಇರುವ ಅಂತರವನ್ನು ಕಂಡು, ಆತುರದವರ ಮಾತಿಗೆ ಮಣಿಯದೆ ಸಹಿಯನ್ನು ತಡೆಹಿಡಿಯುವ ಧೈರ್ಯ ಅವಳಿಗೆ ಬರಲಿ ಎಂದು ಹರಸಿರಿ.